ಪಿಳ್ಳಮ್ಮನಿಗೆ ಕೊಟ್ಟ ಮದ್ದು

ಪಿಳ್ಳಮ್ಮನ ಸೊಂಟದಲ್ಲಿ ನಾಲ್ಕು ಮನೆಗಳ ಬೀಗದ ಕೈಗಳಿದ್ದವು. ತ್ಯಾಗರಾಜನಗರದ ಆ ಅಡ್ಡರಸ್ತೆಯಲ್ಲಿ ಯಾರೇ ಊರಿಗೆ ಹೊರಟರೂ ಹಾಲಿನವನಿಗೆ ಒಂದು ಮಾತು, ಪೇಪರಿನವನಿಗೆ ಒಂದು ಮಾತು, ಆಮೇಲೆ ಪಿಳ್ಳಮ್ಮನ ಕೈಗೆ ಬೀಗದ ಕೈ. ಗಿಡಕ್ಕೆ ನೀರು ಹಾಕುವುದು, ಕಾವೇರಿ ನೀರು ಬರುವ ದಿನ ಸಂಪಿನ ನಲ್ಲಿ ತಿರುಗಿಸುವುದು, ಸಂಜೆ ವರಾಂಡದ ದೀಪ ಹಾಕಿ ಬೆಳಿಗ್ಗೆ ಬಂದು ಆರಿಸುವುದು, ಎಲ್ಲ ಅವಳದೇ. ಗಾಂಧಿ ಬಜಾರಿನಲ್ಲಿ ಕೊಂಡ ಒಂದು ಸ್ಟೀಲು ಬಳೆ, ಅದರಲ್ಲಿ ನಾಲ್ಕು ಕೈ, ಗುರುತಿಗೆ ನಾಲ್ಕು ಬಣ್ಣದ ದಾರ. ಎದುರು ಮನೆ ಕಮಲಮ್ಮನವರದ್ದು ಕೆಂಪು. ಮೂಲೆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಶಿವರಂಜಿನಿಯದ್ದು ನೀಲಿ. ರಿಟೈರಾದ ವಿಜ್ಞಾನದ ಮೇಷ್ಟ್ರು ವೃಷಭೇಂದ್ರಪ್ಪನವರದ್ದು ಬಿಳಿ. ಹಳದಿ ದಾರದ್ದು ಗೋದಮ್ಮನವರ ಹಿತ್ತಲ ಬಾಗಿಲಿನದ್ದು. ಹತ್ತೊಂಬತ್ತು ವರ್ಷದಿಂದ ಪಾತ್ರೆ ತೊಳೆದು, ನೆಲ ಒರೆಸಿ, ಬಟ್ಟೆ ಹರವಿದ ಮನೆ ಅದು.

ಹನುಮಂತನಗರದ ಗುಡ್ಡದ ಹಿಂದಿನ ತನ್ನ ಶೀಟಿನ ಮನೆಯಿಂದ ದಿನಾ ಬೆಳಿಗ್ಗೆ ಆರೂವರೆಗೆ ಹೊರಟು ಅವಳು ನಡೆದೇ ಬರುತ್ತಿದ್ದಳು. ನಡೆಯುವಾಗ ಆ ಗೊಂಚಲು ಝಲ್ ಝಲ್ ಎನ್ನುತ್ತಿತ್ತು. ಮೈಮೇಲೆ ಬಂಗಾರವೆಂದರೆ ಅವಳಿಗೆ ಎರಡು ಓಲೆ ಮಾತ್ರ. ಆದರೂ ಆ ಸದ್ದು ಸೊಂಟದಲ್ಲಿರುವಷ್ಟು ದಿನ ಅವಳು ತಲೆ ಎತ್ತಿಯೇ ನಡೆದಳು.

ಆ ವರ್ಷ ಶ್ರೀಜಯಂತಿಗೆ ಇನ್ನು ನಾಲ್ಕು ದಿನವಿತ್ತು. ಗೋದಮ್ಮನವರ ಮನೆಯಲ್ಲಿ ಕೃಷ್ಣನ ಹಬ್ಬಕ್ಕೆ ಚಕ್ಕುಲಿ, ತೇಂಗೊಳಲು, ಇನ್ನೂ ಏನೇನೋ ಆಗಬೇಕು. ಹಬ್ಬ ಹತ್ತಿರ ಬಂತೆಂದರೆ ಬೀದಿಯವರೆಲ್ಲ ತೊಳೆದು ಒಣಗಿಸಿದ ಅಕ್ಕಿ, ಹುರಿದ ಉದ್ದು ಡಬ್ಬಿಗೆ ತುಂಬಿ ಗೋದಮ್ಮನವರ ಹಿತ್ತಲ ಜಗಲಿಗೆ ತರುವುದು ವಾಡಿಕೆ. ಯಾರ ಡಬ್ಬಿಗೆ ಯಾರ ಹಿಟ್ಟೂ ಬೆರೆಯದ ಹಾಗೆ ಮಿಲ್ಲಿನಲ್ಲಿ ನಿಂತು ಬೀಸಿಸಿಕೊಂಡು ಬರುವುದು ಪಿಳ್ಳಮ್ಮ. ಆ ದಿನವೂ ಕಮಲಮ್ಮ ಬಂದು ಕೂತಿದ್ದರು, ಶಿವರಂಜಿನಿ ಆಫೀಸಿಗೆ ಹೋಗುವ ಮೊದಲು ಇಣುಕಿದ್ದಳು, ಮೇಷ್ಟ್ರು ತಮ್ಮ ಡಬ್ಬಿಯನ್ನು ತಾವೇ ಹೊತ್ತು ತಂದಿದ್ದರು. ಗೋದಮ್ಮನವರ ಸೊಸೆ ಆರಾಧನಾ ಒಳಗೆ ಮಗ ವಸಿಷ್ಠನಿಗೆ ಸ್ಕೂಲಿನ ಡಬ್ಬಿ ಕಟ್ಟುತ್ತಿದ್ದಳು.

ಮಿಲ್ಲಿಗೆ ಹೊತ್ತಾಯಿತೆಂದು ಪಿಳ್ಳಮ್ಮ ಹಿತ್ತಲಲ್ಲಿ ನಿಂತೇ ಉಪ್ಪಿಟ್ಟು ತಿಂದಳು. ಅವಳ ತಟ್ಟೆ ಲೋಟ ಹಿತ್ತಲ ಗೂಡಿನಲ್ಲಿ ಬೇರೆಯಾಗಿ ಇರುತ್ತಿದ್ದವು. ಉಪ್ಪಿಟ್ಟಿನಲ್ಲಿ ಹಸಿಮೆಣಸಿನಕಾಯಿ ಹೆಚ್ಚಾಗಿತ್ತು. ನಾಲ್ಕು ತುತ್ತನ್ನು ಎರಡು ತುತ್ತು ಮಾಡಿ ನುಂಗಿದ್ದೇ ಶುರುವಾಯಿತು ಬಿಕ್ಕಳಿಕೆ. ಒಂದು, ಎರಡು, ಹತ್ತು. ನೀರು ಕುಡಿದಳು, ನಿಲ್ಲಲಿಲ್ಲ. ಡಬ್ಬಿ ಎತ್ತಲು ಬಗ್ಗಿದರೆ ಮೈಯೆಲ್ಲ ಎಗರುತ್ತಿತ್ತು.

ಕಮಲಮ್ಮ ನಕ್ಕರು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ, ಒಬ್ಬೊಬ್ಬರ ಹೆಸರು ಹೇಳುತ್ತ ಹೋಗು, ಸರಿಯಾದವರ ಹೆಸರು ಬಂದಾಗ ನಿಲ್ಲುತ್ತದೆ ಎಂದರು. ಮಗಳು ಬಿಂದುವಿನಿಂದ ಹಿಡಿದು ಸತ್ತ ಗಂಡನವರೆಗೆ ಎಲ್ಲರ ಹೆಸರೂ ಆಯಿತು. ಮೇಷ್ಟ್ರು ತಮ್ಮ ಪಾಠ ಶುರು ಮಾಡಿದರು. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಮಾಂಸದ ಪರದೆ ಇದೆ. ಅವಸರದಲ್ಲಿ ತಿಂದರೆ ಅನ್ನದ ಜೊತೆ ಗಾಳಿಯನ್ನೂ ನುಂಗುತ್ತೇವೆ, ಹೊಟ್ಟೆ ಉಬ್ಬುತ್ತದೆ, ಖಾರ ಬೇರೆ ಕೆಣಕುತ್ತದೆ, ವಪೆ ತಾನಾಗಿ ಎಳೆದುಕೊಳ್ಳುತ್ತದೆ. ಒಳಕ್ಕೆ ನುಗ್ಗಿದ ಗಾಳಿಗೆ ಗಂಟಲಿನ ಬಾಗಿಲು ಫಟ್ಟೆಂದು ಮುಚ್ಚಿಕೊಳ್ಳುತ್ತದೆ, ಆ ಸದ್ದೇ ಬಿಕ್ಕಳಿಕೆ. ಉಸಿರು ಬಿಗಿ ಹಿಡಿದರೆ ವಪೆ ಸುಮ್ಮನಾಗುತ್ತದೆ, ನಿಮ್ಮ ಸಕ್ಕರೆ, ನೀರು, ಹೆದರಿಸುವುದು ಎಲ್ಲ ಉಸಿರು ಹಿಡಿಸುವ ಉಪಾಯಗಳೇ, ಎಂದರು. ಪಿಳ್ಳಮ್ಮ ಮೂಗು ಹಿಡಿದು ನಿಂತಳು. ಮೂಗಿನ ಹಿಂದೆಯೇ ಬಿಕ್ಕಳಿಕೆ ಬಂತು.

ಗೋದಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಸುಮ್ಮನೆ ಕೂತಿದ್ದರು. ತಟಕ್ಕನೆ ಮೊರ ಕೆಳಗಿಟ್ಟು, ಮುಖ ಗಂಟಿಕ್ಕಿ ಕೇಳಿದರು:

"ಪಿಳ್ಳಮ್ಮ, ದೇವರ ಮನೆ ಬೆಳ್ಳಿ ಬಟ್ಟಲು ಎಲ್ಲಿ? ನೀನು ಸೆರಗಲ್ಲಿ ಮುಚ್ಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ."

ಪಿಳ್ಳಮ್ಮನ ಕೈಯಲ್ಲಿದ್ದ ಡಬ್ಬಿ ಕೈಯಲ್ಲೇ ಉಳಿಯಿತು. ಉಸಿರು ಎಲ್ಲಿತ್ತೋ ಅಲ್ಲೇ ನಿಂತಿತು. ಕಿವಿಯಲ್ಲಿ ಗುಂಯ್ ಎಂದಿತು.

ಆಮೇಲೆ ಗೋದಮ್ಮ ಚಪ್ಪಾಳೆ ತಟ್ಟಿ ನಕ್ಕರು. "ನಿಂತೋಯ್ತು ನೋಡ್ದ್ಯಾ? ನಮ್ಮತ್ತೆ ಹೇಳ್ಕೊಟ್ಟ ಮದ್ದು ಕಣೇ. ಕಳ್ಳತನ ಹೊರಿಸಿದ್ರೆ ಎಂಥಾ ಬಿಕ್ಕಳಿಕೆನೂ ನಿಲ್ಲತ್ತೆ."

ನಿಜವಾಗಿಯೂ ನಿಂತಿತ್ತು. ಎಲ್ಲರೂ ನಕ್ಕರು. ಆ ಮದ್ದು ಅವರಿಗೆಲ್ಲ ಗೊತ್ತಿದ್ದದ್ದೇ, ಚಿಕ್ಕವರಿದ್ದಾಗ ಅವರ ಅಜ್ಜಿಯರೂ ಬೆಲ್ಲ ಕದ್ದೆಯಾ ಬೆಣ್ಣೆ ಕದ್ದೆಯಾ ಎಂದು ಗದರಿಸಿ ನಿಲ್ಲಿಸಿದ್ದವರೇ. ಕಮಲಮ್ಮ ಮಾತ್ರ ನಗುನಗುತ್ತಲೇ ಒಂದು ಮಾತು ಸೇರಿಸಿದರು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ ನೋಡ್ಕೊಂಡ್ನಂತೆ." ಅದಕ್ಕೂ ಎಲ್ಲರೂ ನಕ್ಕರು. ಪಿಳ್ಳಮ್ಮನೂ ಹಲ್ಲು ಬಿಟ್ಟಳು. ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಮಿಲ್ಲಿಗೆ ಹೋದಳು. ದಾರಿಯಲ್ಲಿ ಎರಡು ಸಲ ಚೀಲ ಕೆಳಗಿಟ್ಟು ನಿಂತಳು.

ನಿಲ್ಲದೆ ಇನ್ನೇನು? ಬಟ್ಟಲು ದೇವರ ಮನೆಯಲ್ಲಿ ಇರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಅದನ್ನು ಆ ಮನೆಯಿಂದ ಹೊತ್ತು ಸಾಗಿಸಿದವಳು ಅವಳೇ.

ಆಷಾಢದಲ್ಲಿ ಒಂದು ಮಧ್ಯಾಹ್ನ ಸೊಸೆ ಮನೆಯಲ್ಲಿಲ್ಲದ ಹೊತ್ತು ನೋಡಿ ಗೋದಮ್ಮ ಅವಳನ್ನು ಒಳಗೆ ಕರೆದಿದ್ದರು. ಕೃಷ್ಣನಿಗೆ ಬೆಣ್ಣೆ ಇಡುವ ಬೆಳ್ಳಿ ಬಟ್ಟಲು, ಅವರ ಅತ್ತೆಯಿಂದ ಅವರಿಗೆ ಬಂದದ್ದು. ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ ಹೋಗಬೇಕಾದದ್ದು ಆ ಮನೆಯ ಕಟ್ಟಳೆ. ಗೋದಮ್ಮನಿಗೆ ಮಾತ್ರ ಅದನ್ನು ಮಲ್ಲೇಶ್ವರದ ಮಗಳು ವಿಶಾಖಾಗೆ ಕೊಡಬೇಕೆಂಬ ಆಸೆ. ಸೆರಗಿನ ಮರೆಯಲ್ಲಿ ತಂದು, ಹಳೆಯ ಟವೆಲಿನಲ್ಲಿ ಸುತ್ತಿ, ಪಿಳ್ಳಮ್ಮನ ಚೀಲದ ತಳಕ್ಕೆ ಅವರೇ ಇಟ್ಟರು. ಮೇಲೆ ಎರಡು ಕಟ್ಟು ಮೆಂತ್ಯದ ಸೊಪ್ಪು. "ಎಲ್ಲಿಗೆ ಹೋಯ್ತು, ಯಾರಿಗೆ ಹೋಯ್ತು ಅಂತ ಹೊಟ್ಟೇಲಿ ಹುಟ್ಟಿದವರಿಗೂ ಹೇಳ್ಕೂಡದು. ಬಿಂದು ಮೇಲೆ ಆಣೆ ಇಡು," ಎಂದಿದ್ದರು. ಇದ್ದ ಒಬ್ಬಳೇ ಮಗಳ ಮೇಲೆ ಪಿಳ್ಳಮ್ಮ ಆಣೆ ಇಟ್ಟಿದ್ದಳು. ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತುವಾಗ ಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ಬರುವ ತನಕ ಎದೆ ಹೊಡೆದುಕೊಂಡದ್ದು ಅವಳಿಗೇ ಗೊತ್ತು. ಸಂಪಿಗೆ ರಸ್ತೆಯಲ್ಲಿ ಇಳಿದು, ಮನೆ ಹುಡುಕಿ, ಕೊಟ್ಟು ಬಂದಿದ್ದಳು. ವಿಶಾಖಾ ಒಂದು ಲೋಟ ನೀರು ಕೊಟ್ಟು ಬಾಗಿಲು ಹಾಕಿಕೊಂಡಿದ್ದಳು.

ಈಗ ಆ ಬಟ್ಟಲಿನ ಹೆಸರನ್ನೇ ಯಾಕೆ ಎತ್ತಿದರು? ಕದಿಯುವುದಕ್ಕೆ ಆ ಮನೆಯಲ್ಲಿ ಬೇರೆ ಏನೂ ಇರಲಿಲ್ಲವೇ? ಹಬ್ಬದ ದಿನ ಸೊಸೆ ಕೇಳಿದರೆ ಏನು ಹೇಳಲಿ ಎಂಬ ಯೋಚನೆ ಗೋದಮ್ಮನ ತಲೆಯಲ್ಲಿ ಕೊರೆಯುತ್ತಿದ್ದು, ಬಾಯಿ ತಪ್ಪಿ ಅದೇ ಬಂದಿರಬೇಕು ಎಂದು ಪಿಳ್ಳಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಾಯಿ ತಪ್ಪಿ ಬಂದದ್ದೇ ಆದರೆ ಮುಖ ಯಾಕೆ ಅಷ್ಟು ಸಲೀಸಾಗಿ ಗಂಟಿಕ್ಕಿತು ಎಂದು ಮರುಕ್ಷಣ ಅನ್ನಿಸಿತು. ಮಿಲ್ಲಿನ ಸದ್ದಿನಲ್ಲಿ ಎರಡೂ ಯೋಚನೆ ನುಣ್ಣಗಾಗುವಷ್ಟು ಹೊತ್ತು ನಿಂತಳು.

ಹಬ್ಬದ ಸಂಜೆ ಆದದ್ದು ಇಷ್ಟು. ಪೂಜೆಗೆ ಕೂರುವ ಮೊದಲು ಆರಾಧನಾ ದೇವರ ಮನೆಯ ಬೀರು ತಡಕಾಡಿ, ಬಟ್ಟಲು ಕಾಣಿಸುತ್ತಿಲ್ಲ ಎಂದಳು. ನಡುಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಪ್ರಸಾದಕ್ಕೆ ಬಂದು ಕೂತಿದ್ದರು. ಗೋದಮ್ಮ, ಇಲ್ಲೇ ಎಲ್ಲೋ ಇರಬೇಕು, ಸಿಗುತ್ತದೆ ಬಿಡು, ಈಗ ಸ್ಟೀಲಿನದ್ದರಲ್ಲೇ ಬೆಣ್ಣೆ ಇಡು ಎಂದರು. ಹಾಗೆಂದು ಹೂವು ಬಿಡಿಸುತ್ತ ಕೂತರು. ಕಮಲಮ್ಮ ಶಿವರಂಜಿನಿಯ ಕಡೆ ನೋಡಿದರು. ಶಿವರಂಜಿನಿ ಹಿತ್ತಲ ಕಡೆ ನೋಡಿದಳು. ಹಿತ್ತಲಲ್ಲಿ ಪಿಳ್ಳಮ್ಮ ಬಾಂಡಲೆ ತಿಕ್ಕುತ್ತಿದ್ದಳು.

ಮಾರನೆಯ ದಿನದಿಂದ ಗೊಂಚಲು ಹಗುರಾಗತೊಡಗಿತು.

ಮೊದಲು ಕೆಂಪು ದಾರ ಹೋಯಿತು. ಮಗ ಡಿಜಿಟಲ್ ಬೀಗ ಹಾಕಿಸುತ್ತಾನಂತೆ, ಬೆರಳು ಇಟ್ಟರೆ ತೆಗೆದುಕೊಳ್ಳುತ್ತದಂತೆ, ಇನ್ನು ಬೀಗದ ಕೈಯ ತಾಪತ್ರಯವೇ ಇಲ್ಲ ಎಂದರು ಕಮಲಮ್ಮ. ಹಾಗೆನ್ನುವಾಗ ಪಿಳ್ಳಮ್ಮನ ಮುಖ ಬಿಟ್ಟು ಪಕ್ಕದ ಕ್ರೋಟನ್ ಗಿಡ ನೋಡುತ್ತಿದ್ದರು. ಎರಡು ದಿನ ಬಿಟ್ಟು ನೀಲಿ ದಾರ. ಓನರು ಇನ್ನೊಂದು ಕೈ ಯಾರ ಹತ್ತಿರವೂ ಇರಬಾರದು ಅಂತ ಹೇಳಿದ್ದಾರೆ ಎಂದಳು ಶಿವರಂಜಿನಿ. ಆ ಓನರು ವರ್ಷಕ್ಕೊಮ್ಮೆ ಬರುವವನು, ಬಂದಾಗ ಬೀಗ ತೆಗೆಸಿಕೊಳ್ಳುವುದೇ ಪಿಳ್ಳಮ್ಮನಿಂದ.

ಅಂಗಡಿಯ ಮುಂದೆ, ನೀರಿನ ಟ್ಯಾಂಕರಿನ ಹತ್ತಿರ, ಮಾತು ತೇಲಿ ಬರುತ್ತಿತ್ತು. ಕದ್ದಳು ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕಮಲಮ್ಮನ ತರ್ಕ ಒಂದೇ: ಎದೆಯಲ್ಲಿ ಏನೂ ಇಲ್ಲದಿದ್ದರೆ ಅಷ್ಟು ಜೋರಿನ ಬಿಕ್ಕಳಿಕೆ ಹಾಗೆ ಗಕ್ಕನೆ ನಿಲ್ಲುತ್ತಿತ್ತೇ? ಗೋದಮ್ಮ ದೊಡ್ಡ ಮನಸ್ಸಿನವರು, ತಮಾಷೆ ಅಂತ ತೇಲಿಸಿ ಅವಳಿಗೊಂದು ದಾರಿ ಮಾಡಿಕೊಟ್ಟರು, ವಾಪಸ್ಸು ತಂದಿಡಲಿ ಅಂತ. ಮದ್ದು ಫಲಿಸಿದ್ದೇ ಸಾಕ್ಷಿಯಾಗಿ ಹೋಯಿತು.

ಮೇಷ್ಟ್ರು ಮಾತ್ರ ನೆಪ ಹೇಳಲಿಲ್ಲ. ಗೇಟಿನ ಹತ್ತಿರ ನಿಲ್ಲಿಸಿ ನೇರವಾಗಿಯೇ ಕೇಳಿದರು, ನನ್ನ ಮನೆ ಬೀಗದ ಕೈ ಕೊಟ್ಟುಬಿಡು ಎಂದು.

"ನೀವೇ ಹೇಳ್ಲಿಲ್ವಾ ಮೇಷ್ಟ್ರೇ, ಹೆದರಿಸಿದ್ರೆ ಯಾರಿಗಾದ್ರೂ ಉಸ್ರು ನಿಲ್ತದೆ, ಬಿಕ್ಕಳಿಕೆ ಹೋಯ್ತದೆ ಅಂತ? ಕಳ್ಳರಿಗೇ ಬೇರೆ ವಪೆ, ನಮಗೇ ಬೇರೆ ವಪೆ ಅಂತ ಪಾಠದಲ್ಲಿ ಐತಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ವಿಜ್ಞಾನ ಗೊತ್ತಿದೆ ಪಿಳ್ಳಮ್ಮ. ಅನುಮಾನ ಬಂದಿದೆ, ಅದೂ ಗೊತ್ತಿದೆ. ಸುಳ್ಳು ಯಾಕೆ ಹೇಳ್ಲಿ."

ಅವಳು ಬಿಳಿ ದಾರವನ್ನು ಹಲ್ಲಿನಿಂದ ಕಡಿದು, ಬೀಗದ ಕೈಯನ್ನು ಅವರ ಗೇಟಿನ ಕಂಬದ ಮೇಲೆ ಇಟ್ಟು ಬಂದಳು. ಆ ದಿನ ಅವಳಿಗೆ ಬಂದ ಸಿಟ್ಟು ಅದುವರೆಗೆ ಯಾವತ್ತೂ ಬಂದಿರಲಿಲ್ಲ. ನೆಪ ಹೇಳಿದವರಾದರೂ ನಾಚಿಕೆಯಿಂದ ಹೇಳಿದ್ದರು. ಇವರಿಗೆ ಅದೂ ಇಲ್ಲ. ವಪೆ, ಗಾಳಿ, ಗಂಟಲಿನ ಬಾಗಿಲು ಎಲ್ಲ ತಿಳಿದ ಮನುಷ್ಯ, ತಿಳಿದದ್ದನ್ನು ಸಮಯಕ್ಕೆ ಉಪಯೋಗಿಸದಿದ್ದರೆ ತಿಳಿದು ಏನು ಬಂತು?

ಹಳದಿ ದಾರದ್ದೊಂದು ಉಳಿಯಿತು. ಕಳ್ಳತನ ಹೊರಿಸಿದವರು ಮಾತ್ರ ಬೀಗದ ಕೈ ವಾಪಸ್ಸು ಕೇಳಲಿಲ್ಲ. ಅವರಿಗೆ ಗೊತ್ತಿತ್ತಲ್ಲ.

ಬಿಂದು ಹನುಮಂತನಗರದ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ಲು ಹಾಕುತ್ತಿದ್ದಳು. ಅಮ್ಮನ ಸೊಂಟದ ಸದ್ದು ಅಡಗಿದ್ದು ಅವಳಿಗೆ ಬೇಗ ತಿಳಿಯಿತು. ಭಾನುವಾರ ತಲೆ ಬಾಚಿಸಿಕೊಳ್ಳುತ್ತ, ನೀನು ಯಾಕೆ ಬಾಯಿ ಮುಚ್ಚಿಕೊಂಡಿದ್ದೀಯಾ, ನಾನೇ ಬಂದು ಬೀದಿಯಲ್ಲಿ ನಿಂತು ಕೇಳುತ್ತೇನೆ ಎಂದು ಹಾರಾಡಿದಳು. ಯಾಕೆಂದು ಅವಳಿಗೂ ಹೇಳುವ ಹಾಗಿರಲಿಲ್ಲ, ಆಣೆ ಇದ್ದದ್ದೇ ಅವಳ ತಲೆಯ ಮೇಲೆ. ಕೊನೆಗೆ ಬಿಂದು, ಆ ಮನೆ ಕೆಲಸವನ್ನಾದರೂ ಬಿಡು ಎಂದಳು.

"ಈಗ ಬಿಟ್ರೆ ಕದ್ದೋಳೇ ಓಡೋದ್ಳು ಅಂತಾರೆ. ಬಿಡೋದು ನಾನು ಯಾವಾಗ ಅಂತೀನೋ ಆವಾಗ," ಎಂದಳು ಪಿಳ್ಳಮ್ಮ. ಬಾಚಣಿಗೆ ಸ್ವಲ್ಪ ಜೋರಾಗಿಯೇ ಎಳೆದಿರಬೇಕು, ಬಿಂದು ಕೂಗಿಕೊಂಡಳು.

ಗೋದಮ್ಮನವರನ್ನು ಅವಳು ಕೇಳದೆ ಬಿಡಲಿಲ್ಲ. ಸೊಸೆ ಆಫೀಸಿಗೆ ಹೋದ ಮೇಲೆ, ನೆಲ ಒರೆಸುವ ಬಟ್ಟೆ ಹಿಂಡಿ ಬದಿಗಿಟ್ಟು, ನಡುಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಬಟ್ಟಲು ಎಲ್ಲಿದೆ ಅಂತ ಹೇಳುವುದು ಬೇಡ, ಪಿಳ್ಳಮ್ಮ ತೆಗೆದಿಲ್ಲ ಅಂತ ಒಂದು ಮಾತು ನಾಲ್ಕು ಜನರ ಮುಂದೆ ಹೇಳಿ ಸಾಕು ಎಂದಳು. ಗೋದಮ್ಮ ತುಳಸಿ ಮಾಲೆ ಕಟ್ಟುತ್ತಿದ್ದರು. ಯಾರೂ ಏನೂ ಅಂದಿಲ್ಲವಲ್ಲ, ಅನ್ನದೇ ಇರುವ ಮಾತಿಗೆ ನಾನು ಹೋಗಿ ಇಲ್ಲ ಅಂದರೆ ಇದೆ ಅಂತಲೇ ಆಗುತ್ತದೆ ಎಂದರು. ಆರಾಧನಾ ಕಿವಿಗೆ ಬಿದ್ದರೆ, ಅವಳು ತೆಗೆದಿಲ್ಲ ಅಂತ ನಿಮಗೆ ಹೇಗೆ ಗೊತ್ತು, ಹಾಗಾದರೆ ಎಲ್ಲಿ ಹೋಯಿತು ಎಂದು ಕೇಳುತ್ತಾಳೆ ಎಂದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಒಂದು ಹತ್ತಿ ಸೀರೆ ತಂದರು.

"ತಗೋ, ನವರಾತ್ರಿಗೆ ಉಟ್ಕೋ. ನಿನ್ನ ಒಳ್ಳೇದಕ್ಕೆ ಹೇಳಿದ್ದು ಕಣೇ, ಬಿಕ್ಕಳಿಸಿ ಬಿಕ್ಕಳಿಸಿ ಸಾಯ್ತಿದ್ದೆ. ತಮಾಷೆಗೆ ಹೇಳಿದ್ದನ್ನ ಇಷ್ಟು ಎಳೀಬೇಡ."

ಪಿಳ್ಳಮ್ಮ ಸೀರೆ ಮುಟ್ಟಲಿಲ್ಲ. ಬಕೆಟ್ಟು ಎತ್ತಿಕೊಂಡು ಒಳಕ್ಕೆ ಹೋಗಿ ನೆಲ ಒರೆಸಿದಳು. ಒರೆಸುತ್ತ ಒಂದೊಂದೇ ನೆನಪಿಗೆ ಬಂತು. ಈ ಮನೆಯಲ್ಲಿ ಯಾರಿಗೆ ಬಿಕ್ಕಳಿಕೆ ಬಂದಿಲ್ಲ? ವಸಿಷ್ಠ ಎಳೆಮಗುವಾಗಿದ್ದಾಗ ಬಂದರೆ ಗೋದಮ್ಮ ತಮ್ಮ ಸೀರೆಯ ಒಂದು ಎಳೆ ಕಿತ್ತು, ನಾಲಿಗೆಗೆ ಸೋಕಿಸಿ, ಮಗುವಿನ ಹಣೆಗೆ ಅಂಟಿಸುತ್ತಿದ್ದರು. ಈಗ ಅವನಿಗೆ ಬಂದರೆ ಒಂದು ಚಮಚ ಸಕ್ಕರೆ. ಯಜಮಾನರು ಬದುಕಿದ್ದಾಗ ಅವರಿಗೆ ಜೀರಿಗೆ ಕುದಿಸಿದ ನೀರು, ಬೆನ್ನು ನೀವುವುದು, ಒಂದು ಗಂಟೆ ನಿಲ್ಲದಿದ್ದರೆ ಡಾಕ್ಟರಿಗೆ ಫೋನು. ಮಗ ಅಭಿರಾಮನಿಗೆ ಶುಂಠಿಯ ಚೂರಿಗೆ ಜೇನು. ಯಾರ ಮೇಲಾದರೂ ಕಳ್ಳತನ ಹೊರಿಸಿದ್ದನ್ನು ಈ ಹತ್ತೊಂಬತ್ತು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಅತ್ತೆ ಹೇಳಿಕೊಟ್ಟ ಮದ್ದಂತೆ. ಅತ್ತೆ ಸತ್ತು ನಲವತ್ತು ವರ್ಷವಾದ ಮೇಲೆ ಆ ಮದ್ದು ಹುಡುಕಿ ತೆಗೆದದ್ದು ಪಿಳ್ಳಮ್ಮನಿಗಾಗಿ. ಅವಳಿಗೊಂದು ಚಮಚ ಸಕ್ಕರೆ ಕೊಡಲು ಆ ಜಗಲಿಯ ಮೇಲಿದ್ದ ಯಾರಿಗೂ ಹೊಳೆಯಲಿಲ್ಲ.

ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು. ಕಲ್ಲು ಸವೆಯುವಂತೆ ಒರೆಸಿದಳು.

ನವರಾತ್ರಿ ಬಂತು. ನಡುಮನೆಯಲ್ಲಿ ಏಳು ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಗೊಂಬೆ ಕೂರಿಸಿದರು. ಪಟ್ಟದ ಗೊಂಬೆಗಳ ಧೂಳು ಒರೆಸಿ ಒಂದೊಂದಾಗಿ ಆರಾಧನಾಳ ಕೈಗೆ ಕೊಟ್ಟವಳು ಪಿಳ್ಳಮ್ಮ. ಕೊಡುವಾಗೆಲ್ಲ ಆರಾಧನಾ ಎಣಿಸಿಕೊಂಡಳು. ಮೊದಲಿನ ವರ್ಷಗಳಲ್ಲಿ ಎಣಿಸುತ್ತಿರಲಿಲ್ಲ.

ಐದನೆಯ ದಿನ ಸಂಜೆ ಬೀದಿಯವರಿಗೆಲ್ಲ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕಮಲಮ್ಮ, ಶಿವರಂಜಿನಿ, ಇನ್ನೂ ಏಳೆಂಟು ಜನ ಚಾಪೆಯ ಮೇಲೆ ಕೂತಿದ್ದರು. ಕಡಲೆ ಉಸ್ಲಿಯ ದೊನ್ನೆ ಹಂಚಿಯಾಗಿತ್ತು. ಬೆಳಗಿನಿಂದ ಏನೂ ತಿನ್ನದ ಗೋದಮ್ಮ ಬಂದವರ ಜೊತೆ ಮಾತಾಡುತ್ತಲೇ ಬಿಸಿ ಉಸ್ಲಿಯನ್ನು ಗಬಗಬ ಬಾಯಿಗೆ ಹಾಕಿಕೊಂಡರು. ಎರಡನೆಯ ಹಿಡಿಗೆ ಬಿಕ್ಕಳಿಕೆ ಹಿಡಿಯಿತು.

ಮೊದಲು ನಕ್ಕರು, ಮಗಳು ನೆನೆಸಿಕೊಂಡಿರಬೇಕು ಎಂದರು. ನಿಲ್ಲಲಿಲ್ಲ. ಶಿವರಂಜಿನಿ ನೀರು ತಂದಳು. ಆರಾಧನಾ ಸಕ್ಕರೆ ತಂದಳು. ಕಮಲಮ್ಮ ಬೆನ್ನು ನೀವಿದರು. ಯಾರೋ ಏಲಕ್ಕಿ ಅಂದರು, ಯಾರೋ ನಿಂಬೆಹುಳಿ ಅಂದರು. ಉಸಿರು ಬಿಗಿ ಹಿಡಿಯಿರಿ ಎಂದರು, ಹಿಡಿದರು, ಬಿಟ್ಟಕೂಡಲೇ ಮತ್ತೆ. ಹತ್ತು ನಿಮಿಷ, ಹದಿನೈದು ನಿಮಿಷ. ಎಪ್ಪತ್ತು ದಾಟಿದ ಜೀವ, ಕಣ್ಣಲ್ಲಿ ನೀರು ಬಂತು, ಹಣೆಯೆಲ್ಲ ಬೆವರಿತು. ಡಾಕ್ಟರಿಗೆ ಫೋನು ಮಾಡಲೇ ಎಂದು ಆರಾಧನಾ ಎದ್ದಳು. ಪಿಳ್ಳಮ್ಮ, ಒಂದು ಲೋಟ ಬಿಸಿನೀರು ತಾ ಎಂದು ಕಮಲಮ್ಮ ಕೂಗಿದರು.

ಪಿಳ್ಳಮ್ಮ ಹಿತ್ತಲಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಇದ್ದಳು. ಕೈ ತೊಳೆದುಕೊಂಡಳು, ಸೆರಗಿನಲ್ಲಿ ಒರೆಸಿಕೊಂಡಳು. ಬಿಸಿನೀರಿನ ಲೋಟ ತಂದು ಗೋದಮ್ಮನವರ ಮುಂದೆ ಇಟ್ಟಳು. ಹೋಗಲಿಲ್ಲ, ಅಲ್ಲೇ ನಿಂತಳು. ಮುಖ ಗಂಟಿಕ್ಕುವ ಶ್ರಮ ಅವಳಿಗೆ ಬೇಕಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಅಮ್ಮಾವ್ರೇ, ದೇವರ ಮನೆ ಬೆಳ್ಳಿ ಬಟ್ಟಲು ಎಲ್ಲಿ? ನೀವು ಸೆರಗಲ್ಲಿ ಮುಚ್ಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ."

ಗೋದಮ್ಮನವರ ಬಾಯಿ ಅರ್ಧ ತೆರೆದಿತ್ತು. ಹಾಗೇ ಉಳಿಯಿತು. ಕೈಯಲ್ಲಿದ್ದ ಸಕ್ಕರೆಯ ಚಮಚ ಮಡಿಲಿಗೆ ಜಾರಿತು. ಇನ್ನೊಂದು ಬಿಕ್ಕಳಿಕೆ ಬರಬೇಕಾದ ಹೊತ್ತು ಬಂತು, ದಾಟಿತು. ಅದರ ಮುಂದಿನದ್ದೂ ದಾಟಿತು.

"ನಿಂತೋಯ್ತು ನೋಡಿ," ಎಂದಳು ಪಿಳ್ಳಮ್ಮ. "ನೀವೇ ಹೇಳ್ಕೊಟ್ಟ ಮದ್ದು."

ಈ ಸಲ ಯಾರೂ ನಗಲಿಲ್ಲ. ಪಿಳ್ಳಮ್ಮ ಕಮಲಮ್ಮನ ಕಡೆ ತಿರುಗಿದಳು, ಕುಂಬಳಕಾಯಿ ಕಳ್ಳನ ಮಾತು ಈಗ ಬರುತ್ತದೇನೋ ಎಂದು ಕಾದಳು. ಕಮಲಮ್ಮನ ಕೈ ಗೋದಮ್ಮನ ಬೆನ್ನ ಮೇಲೆಯೇ ಇತ್ತು. ಅವರು ಮೆಲ್ಲಗೆ ಅದನ್ನು ತೆಗೆದು ತಮ್ಮ ಮಡಿಲಿಗೆ ಇಟ್ಟುಕೊಂಡರು.

ಆರಾಧನಾ ಫೋನು ಹಿಡಿದು ನಿಂತವಳು ನಿಂತ ಹಾಗೇ ಕೇಳಿದಳು: "ಅಮ್ಮ, ಬಟ್ಟಲು ಎಲ್ಲಿದೆ?"

ಗೋದಮ್ಮ ಪಿಳ್ಳಮ್ಮನನ್ನು ನೋಡಿದರು. ಹೇಳುತ್ತಾಳೋ, ಆಣೆ ಮುರಿಯುತ್ತಾಳೋ ಎಂಬ ನೋಟ ಅದು. ಎಲ್ಲಿಗೆ ಹೋಯಿತು, ಯಾರಿಗೆ ಹೋಯಿತು ಎಂದು ಹೇಳುವುದಿಲ್ಲ ಎಂದಿದ್ದಳು ಪಿಳ್ಳಮ್ಮ, ಹೇಳಲಿಲ್ಲ. ಆ ಮಾತು ಆಡಬೇಕಾದವರ ಬಾಯಿಂದಲೇ ಬರಲಿ ಎಂದು ನಿಂತಳು. ಒಂದೂವರೆ ತಿಂಗಳು ಕಾದವಳಿಗೆ ಇನ್ನೆರಡು ನಿಮಿಷ ಹೆಚ್ಚಲ್ಲ.

"ವಿಶಾಖಾ ಹತ್ರ ಇದೆ," ಎಂದರು ಗೋದಮ್ಮ ಕೊನೆಗೆ. ದನಿ ಎಷ್ಟು ಸಣ್ಣಗಿತ್ತೆಂದರೆ ಹಿಂದಿನ ಸಾಲಿನವರು ಮುಂದಿನವರನ್ನು ಕೇಳಬೇಕಾಯಿತು. "ನಾನೇ ಕೊಟ್ಟೆ. ಆಷಾಢದಲ್ಲಿ."

"ಮತ್ತೆ ನಾನು ಅಷ್ಟು ಹುಡುಕ್ತಿದ್ದಾಗ..." ಎಂದು ಆರಾಧನಾ ಶುರು ಮಾಡಿದಳು. ಮುಗಿಸಲಿಲ್ಲ. ಪಿಳ್ಳಮ್ಮನ ಮುಖ ನೋಡಿ ತಲೆ ತಗ್ಗಿಸಿದಳು. ಮೊನ್ನೆ ಗೊಂಬೆ ಎಣಿಸಿಕೊಂಡದ್ದು ಅವಳಿಗೂ ನೆನಪಾಗಿರಬೇಕು.

ಪಿಳ್ಳಮ್ಮ ಸೊಂಟದಿಂದ ಸ್ಟೀಲು ಬಳೆ ಬಿಚ್ಚಿದಳು. ಹಳದಿ ದಾರದ ಕೈಯನ್ನು ಅದರಿಂದ ಜಾರಿಸಿ, ಗೊಂಬೆಗಳ ಕೊನೆಯ ಮೆಟ್ಟಿಲಿನ ಮೇಲೆ, ಸೆಟ್ಟಿ ಗೊಂಬೆಯ ಅಂಗಡಿಯ ಪಕ್ಕ ಇಟ್ಟಳು. ಹಬ್ಬ ಮುಗಿಯುವ ತನಕ ಪಾತ್ರೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು. ಮುಗಿದ ಮೇಲೂ ಎಂದು ಸೇರಿಸಿದಳು.

"ಪಿಳ್ಳಮ್ಮ, ಪ್ರಸಾದ ತಗೊಂಡು ಹೋಗೇ," ಎಂದರು ಗೋದಮ್ಮ. ಅವರಿಗೆ ಆ ಹೊತ್ತಿನಲ್ಲಿ ಬೇರೆ ಏನೂ ಹೊಳೆದಿರಲಾರದು.

"ಬ್ಯಾಡ್ರಮ್ಮ. ಹತ್ತೊಂಬತ್ತು ವರ್ಷ ಹಿತ್ತಲಲ್ಲೇ ಕೊಟ್ಟ್ರಿ, ಹಿತ್ತಲಲ್ಲೇ ತಗೊಂಡೆ. ಇವತ್ತು ಒಳಗೆ ಕರ್ದು ಕೊಟ್ರೆ ನಂಗೆ ಬಿಕ್ಕಳಿಕೆ ಬತ್ತದೆ."

ಹಿತ್ತಲ ಗೂಡಿನಿಂದ ತನ್ನ ತಟ್ಟೆ ಲೋಟ ತೆಗೆದು ಚೀಲಕ್ಕೆ ಹಾಕಿಕೊಂಡಳು. ಮುಂಬಾಗಿಲಿನಿಂದ ಹೊರಬಿದ್ದಳು.

ಮಾರನೆಯ ದಿನದಿಂದ ಬೀಗದ ಕೈಗಳು ಅವಳನ್ನು ಹುಡುಕಿಕೊಂಡು ಬರತೊಡಗಿದವು. ಅದೇ ಬೀದಿಯ ಕೊನೆಯ ಮನೆಯಲ್ಲಿ ಅವಳು ಹೊಸ ಕೆಲಸ ಹಿಡಿದಿದ್ದಳು, ಬೀದಿ ಬಿಟ್ಟು ಓಡಿಹೋದಳು ಎನ್ನುವ ಮಾತಿಗೆ ಎಡೆ ಕೊಡಬಾರದೆಂದು. ಕಮಲಮ್ಮ ದಾರಿಯಲ್ಲಿ ಅಡ್ಡ ನಿಂತರು. ಮುಂದಿನ ವಾರ ಮೈಸೂರಿಗೆ ಹೋಗುತ್ತಿದ್ದೇವೆ, ಗಿಡ ಒಣಗುತ್ತದೆ, ಮೊದಲಿನ ಹಾಗೆ ಇಟ್ಟುಕೋ ಎಂದು ಬೀಗದ ಕೈ ಚಾಚಿದರು. ಕೆಂಪು ದಾರವನ್ನು ಅವರೇ ಹೊಸದಾಗಿ ಕಟ್ಟಿ ತಂದಿದ್ದರು.

"ಡಿಜಿಟಲ್ ಬೀಗ ಹಾಕ್ಸಿದೀರಲ್ಲಮ್ಮ," ಎಂದಳು ಪಿಳ್ಳಮ್ಮ, "ಗಿಡಕ್ಕೆ ನೀರು ಹಾಕೋದನ್ನೂ ಅದಕ್ಕೇ ಕಲಿಸ್ಕೊಡಿ."

ಶಿವರಂಜಿನಿ ದೂರದಿಂದಲೇ ನೋಡಿ ಮೆಟ್ಟಿಲು ಹತ್ತಿ ಹೋದಳು. ಬಿಂದು ಕೇಳಿ, ಚೆನ್ನಾಗಿ ಹೇಳಿದೆ ಎಂದು ನಕ್ಕಳು, ಇನ್ನಾದರೂ ಸಿಟ್ಟು ಇಳಿಯಿತಾ ಎಂದು ಕೇಳಿದಳು. ಇಳಿದಿರಲಿಲ್ಲ. ಒಂದೂವರೆ ತಿಂಗಳು ನುಂಗಿದ್ದು ಒಂದು ಸಂಜೆಗೆ ಇಳಿಯುತ್ತದೆಯೇ.

ವಾರ ಬಿಟ್ಟು ವೃಷಭೇಂದ್ರಪ್ಪ ಮೇಷ್ಟ್ರು ಬಂದರು. ಅವಳು ಕೆಲಸ ಮಾಡುತ್ತಿದ್ದ ಮನೆಯ ಗೇಟಿನ ಹತ್ತಿರ ಬಿಸಿಲಿನಲ್ಲಿ ಕಾಲು ಗಂಟೆ ನಿಂತಿದ್ದರು. ಅವರು ಮಗನ ಮನೆಗೆ ಹೊಸೂರಿಗೆ ಹೋಗುವವರಿದ್ದರು, ಹತ್ತು ದಿನ. ಕೈಯಲ್ಲಿ ಬಿಳಿ ದಾರದ ಬೀಗದ ಕೈ ಇತ್ತು.

"ಪಾಠ ಹೇಳಿ ಹೇಳಿ ಮೂವತ್ತು ವರ್ಷ ಕಳೆದೆ ಪಿಳ್ಳಮ್ಮ. ಆ ದಿನ ಜಗಲಿ ಮೇಲೆ ಹೇಳಿದ್ದನ್ನ ನಾನೇ ನಂಬಲಿಲ್ಲ. ತಪ್ಪಾಯ್ತು," ಎಂದರು.

ಈ ಮನುಷ್ಯ ಆ ದಿನವೂ ನೆಪ ಹೇಳಿರಲಿಲ್ಲ, ಇವತ್ತೂ ಹೇಳುತ್ತಿಲ್ಲ. ಪಿಳ್ಳಮ್ಮ ಅವರ ಕೈಯಲ್ಲಿದ್ದುದನ್ನು ನೋಡಿದಳು. ಅವಳ ಕೈ ಸೊಂಟಕ್ಕೆ ತಾನಾಗಿ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಸ್ಟೀಲು ಬಳೆಯನ್ನು ಅವಳು ಮನೆಯ ಗೋಡೆಯ ಮೊಳೆಗೆ ಹಾಕಿ ಬಂದಿದ್ದಳು.

"ಬೀಗದ ಕೈ ಬ್ಯಾಡ ಮೇಷ್ಟ್ರೇ. ಗಿಡ ಏನ್ ತಪ್ಪು ಮಾಡಿದ್ವು. ಕುಂಡಗಳ್ನ ತಂದು ಗೇಟಿನಾಚೆ ಇಡಿ. ನೀರು ಹಾಕ್ತೀನಿ."

ಎಪ್ಪತ್ತೆರಡು ವರ್ಷದ ಮೇಷ್ಟ್ರು ಆ ಸಂಜೆಯೆಲ್ಲ ಒಂದೊಂದೇ ಕುಂಡ ತಬ್ಬಿಕೊಂಡು ತಂದು ಗೇಟಿನ ಆಚೆ ಸಾಲಾಗಿ ಇಟ್ಟರು. ಹದಿನಾಲ್ಕು ಕುಂಡ. ಎತ್ತಿಕೊಡಲಾ ಎಂದು ಬೀದಿಯಲ್ಲಿ ಒಬ್ಬಿಬ್ಬರು ಕೇಳಿದರು, ಬೇಡ ಎಂದರು.

ಮಾರನೆಯ ಬೆಳಿಗ್ಗೆ ಪಿಳ್ಳಮ್ಮ ಬೀದಿಯ ತಿರುವಿಗೆ ಬಂದಾಗ ಮೇಷ್ಟ್ರ ಗೇಟಿನ ಮುಂದೆ ಮಾತ್ರವಲ್ಲ, ಎದುರು ಮನೆ ಗೇಟಿನ ಮುಂದೆಯೂ ಕುಂಡಗಳಿದ್ದವು. ಕಮಲಮ್ಮನ ಕ್ರೋಟನ್, ದಾಸವಾಳ, ಒಂದು ಕರಿಬೇವು. ಒಳಗಿನ ಪರದೆ ಅಲುಗಿತು. ಪಿಳ್ಳಮ್ಮ ಬಕೆಟ್ಟು ತುಂಬಿ ತಂದು ಮೇಷ್ಟ್ರ ಹದಿನಾಲ್ಕಕ್ಕೂ ನಿಧಾನವಾಗಿ, ಬೇರು ನೆನೆಯುವಷ್ಟು ಹಾಕಿದಳು. ಬಕೆಟ್ಟಿನ ತಳದಲ್ಲಿ ಎರಡು ಚೊಂಬು ನೀರು ಮಿಕ್ಕಿತು. ಬೀದಿ ದಾಟಿ ಅದನ್ನು ಕರಿಬೇವಿನ ಬುಡಕ್ಕೆ ಸುರಿದಳು. ಕ್ರೋಟನ್ನನ್ನು ಹಾಗೇ ಬಿಟ್ಟು ಕೆಲಸಕ್ಕೆ ಹೋದಳು.